ಮೈಸೂರಿನಿಂದ ಮೇಮಂದಿ ಹಾಲ್‌ವರೆಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿರುವುದು ಹತ್ತು ನಿಮಿಷ. ಡಾಕ್ಟರನ್ನು ವೇದಿಕೆಗೆ ಕರೆದರೆ ಕೊಲೆಸ್ಟೆರಾಲ್ ವಿಚಾರ ಎತ್ತುತ್ತಾನೆಂದು ನೀವು ಹೆದರಿರಬಹುದು. ಊಟಕ್ಕೆ ಹೋಳಿಗೆ ಇರುವ ದಿನ ಅಂಥ ಪಾಪವನ್ನು ನಾನು ಮಾಡಲಾರೆ. ನಾನು ಮಾತಾಡಬೇಕೆಂದಿರುವುದು ಬರುವ ಸೆಪ್ಟೆಂಬರಿನಲ್ಲಿ ಶುರುವಾಗುವ ನಾರ್ತ್ ಕೆರೊಲೈನಾ ಸಿಂಫನಿಯ ಕಚೇರಿಗಳ ಬಗ್ಗೆ. "ಅದಕ್ಕೂ ಕನ್ನಡ ಸಂಘಕ್ಕೂ ಏನು ಸಂಬಂಧ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ಸ್ವಲ್ಪ ತಾಳ್ಮೆಯಿರಲಿ.

ನಾನು ರೆಸಿಡೆನ್ಸಿಯ ಎರಡನೆಯ ವರ್ಷದಲ್ಲಿದ್ದಾಗ ಒಬ್ಬ ವೃದ್ಧೆ ನನ್ನ ವಾರ್ಡಿನಲ್ಲಿದ್ದರು. ಬದುಕಿನುದ್ದಕ್ಕೂ ಪಿಯಾನೊ ಪಾಠ ಹೇಳಿದವರು. ಯಾವ ಊರಿನವನೆಂದು ಕೇಳಿದರು. ಮೈಸೂರು ಎಂದೆ. ಸಾಮಾನ್ಯವಾಗಿ ಇಲ್ಲಿನವರು ಆನೆಯನ್ನೋ ಯೋಗವನ್ನೋ ನೆನೆಯುತ್ತಾರೆ. ಈಕೆ ದಿಂಬಿನಿಂದ ತಲೆಯೆತ್ತಿ, "ಮೆಟ್ನರ್‌ನನ್ನು ಕಾಪಾಡಿದ ಮಹಾರಾಜರ ಊರಲ್ಲವೆ!" ಎಂದರು. ನಾನು ಹೌದೌದೆಂದು ತಲೆಯಾಡಿಸಿದೆ. ಮೆಟ್ನರ್ ಎಂದರೆ ಮನುಷ್ಯನೋ ಊರೋ ನನಗೆ ಗೊತ್ತಿರಲಿಲ್ಲ. ಮೈಸೂರಿನಲ್ಲೇ ಎಂಬಿಬಿಎಸ್ ಮುಗಿಸಿದವನು. ದಸರೆಯಲ್ಲಿ ಅರಮನೆಯ ದೀಪದ ಕೆಳಗೆ ಪೊಲೀಸ್ ಬ್ಯಾಂಡ್ ಕೇಳುತ್ತ ಕಡಲೆಕಾಯಿ ತಿಂದವನು. ಆದರೂ ಗೊತ್ತಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಜಯಚಾಮರಾಜ ಒಡೆಯರ್ ಅವರನ್ನು ನಾವೆಲ್ಲ ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಬಲ್ಲೆವು. ಅವರಿಗೆ ಪಿಯಾನೊ ಎಂದರೆ ಪ್ರಾಣ. ನಿಕೊಲಾಯ್ ಮೆಟ್ನರ್ ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ಕಷ್ಟದಲ್ಲಿ ದಿನ ನೂಕುತ್ತಿದ್ದ ಮುಪ್ಪಿನ ಸಂಗೀತಕಾರ. ಪ್ರಪಂಚ ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. ನಮ್ಮ ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿಯನ್ನು ಕಟ್ಟಿಸಿ, ಅವರ ರಚನೆಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವಂತೆ ಮಾಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಹುಟ್ಟಿದ್ದು 1945ರಲ್ಲಿ. ಅದಿನ್ನೂ ಎಳೆಯದಾಗಿದ್ದಾಗ ಕೈಹಿಡಿದು ನಡೆಸಿದವರಲ್ಲಿಯೂ ಇವರೊಬ್ಬರು.

ಎಲ್ಲಕ್ಕಿಂತ ನನ್ನನ್ನು ತಟ್ಟಿದ ಸಂಗತಿ ಇನ್ನೊಂದು. ರಿಚರ್ಡ್ ಸ್ಟ್ರಾಸ್ ತನ್ನ ಎಂಬತ್ತನಾಲ್ಕರ ಹೊತ್ತಿಗೆ ಬರೆದ 'ಕೊನೆಯ ನಾಲ್ಕು ಹಾಡುಗಳು' ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಕರ್ಸ್ಟನ್ ಫ್ಲಾಗ್‌ಸ್ಟಾಟ್ ಹಾಡಿದರು, ಫುರ್ಟ್‌ವಾಂಗ್ಲರ್ ವೃಂದವನ್ನು ನಡೆಸಿದರು. ಸ್ಟ್ರಾಸ್ ಎಂಟು ತಿಂಗಳ ಹಿಂದೆಯೇ ತೀರಿಹೋಗಿದ್ದ. ಆ ಕಚೇರಿಗೆ 4,800 ಡಾಲರಿನ ಜಾಮೀನು ನಿಂತವರು ನಮ್ಮ ಒಡೆಯರು. ಆಗ ಅವರಿಗೆ ವಯಸ್ಸು 30. ರಾಜ್ಯ ಕೈಬಿಟ್ಟು ರಾಜಪ್ರಮುಖರಾಗಿದ್ದ ಕಾಲ. ಸಭೆಯಲ್ಲಿ ಅವರಿರಲಿಲ್ಲ. ಆ ಸಂಜೆಯ ಧ್ವನಿಮುದ್ರಣ ಹಡಗು ಹತ್ತಿ ಮೈಸೂರಿಗೆ ಬರಬೇಕಿತ್ತು. ಯಾವ ವರ್ಷದ ಕಾರ್ಯಕ್ರಮಪಟ್ಟಿಯಲ್ಲಾದರೂ ಈ ಹಾಡುಗಳ ಹೆಸರು ಕಂಡರೆ ದಯವಿಟ್ಟು ಬಿಡಬೇಡಿ.

ಇನ್ನು ನಮ್ಮ ಈ ಊರಿನ ವಾದ್ಯವೃಂದ. ವಾಷಿಂಗ್ಟನ್ನಿನ ನ್ಯಾಷನಲ್ ಸಿಂಫನಿ ಹುಟ್ಟಿದ್ದು 1931ರಲ್ಲಿ. ಅದರ ಮರುವರ್ಷವೇ, ಜನ ಬ್ರೆಡ್ಡಿಗೆ ಸಾಲು ನಿಂತಿದ್ದ ಕಾಲದಲ್ಲಿ, ನಾರ್ತ್ ಕೆರೊಲೈನಾ ಸಿಂಫನಿ ಹುಟ್ಟಿತು. 1943ರಲ್ಲಿ, ಯುದ್ಧದ ನಡುವೆ, ರಾಜ್ಯದ ಶಾಸನಸಭೆ ಇದಕ್ಕೆ ಸರ್ಕಾರದ ಹಣ ಕೊಡುವ ಕಾನೂನು ಮಾಡಿತು. ಕೊಂಬೂದುವ ಮಸೂದೆಯೆಂದು ಅದಕ್ಕೆ ಅಡ್ಡಹೆಸರು ಬಿತ್ತು. ಆ ಹಣದ ಜೊತೆಗೆ ಬಂದ ಹೊಣೆ ನೋಡಿ: ಬಸ್ಸಿನಲ್ಲಿ ವಾದ್ಯ ಹೇರಿಕೊಂಡು ಊರೂರಿಗೆ ಹೋಗಿ ಶಾಲೆಯ ಮಕ್ಕಳಿಗೆ ನುಡಿಸುವುದು. ಇಂದಿಗೂ ನುಡಿಸುತ್ತಾರೆ. ನಿಮ್ಮ ಮಕ್ಕಳಲ್ಲಿ ಹಲವರು ಶಾಲೆಯ ಬಸ್ಸಿನಲ್ಲಿ ಹೋಗಿ ಕೇಳಿ ಬಂದಿದ್ದಾರೆ; ತಂದೆತಾಯಂದಿರಿಗೆ ತಿಳಿಯದಿರಬಹುದು.

ರಾಲಿಯಲ್ಲಿ ಇವರು ನುಡಿಸುವ ಸಭಾಂಗಣ ಮೇಮಂದಿ ಕನ್ಸರ್ಟ್ ಹಾಲ್, 2001ರಲ್ಲಿ ತೆರೆದದ್ದು. ಮೇಮಂದಿ ಯಾರು ಗೊತ್ತೆ? ಇರಾನಿನಿಂದ ಬಂದು ಈ ಊರಿನಲ್ಲಿ ನೆಲೆಸಿದ ಮನೋವೈದ್ಯ ಡಾ. ಅಸಾದ್ ಮೇಮಂದಿ. ಅವರು ಕೊಟ್ಟ ದಾನದಿಂದ ಆ ಹೆಸರು. ನಮ್ಮ ಹಾಗೆಯೇ ಹೊರಗಿನಿಂದ ಬಂದ ಡಾಕ್ಟರು. ಈ ಸಭೆಯಲ್ಲಿ ಎಷ್ಟು ಜನ ಡಾಕ್ಟರುಗಳಿದ್ದೇವೆಂದು ನಾನು ಎಣಿಸುವುದಿಲ್ಲ, ನೀವು ಗಾಬರಿಯಾಗಬೇಡಿ.

ಇಂಥ ವೃಂದಗಳಿಗೆ ಟಿಕೆಟ್ಟಿನಿಂದ ಅರ್ಧ ಖರ್ಚೂ ಹುಟ್ಟುವುದಿಲ್ಲ. ಅಟ್ಲಾಂಟಾದ ಗೆಳೆಯರಿಗೆ ನೆನಪಿರಬೇಕು: 2014ರಲ್ಲಿ ಆಡಳಿತಕ್ಕೂ ವಾದಕರಿಗೂ ಒಪ್ಪಂದವಾಗದೆ ಅಲ್ಲಿನ ಸಿಂಫನಿ ಸುಮಾರು ಎರಡು ತಿಂಗಳು ಬಾಯಿ ಮುಚ್ಚಿತ್ತು. ಸೆಪ್ಟೆಂಬರಿನಲ್ಲಿ ತೊಡಗಬೇಕಾದ ಕಚೇರಿ ನವೆಂಬರಿಗೆ ಹೋಯಿತು.

ನನ್ನ ತಪ್ಪೊಂದನ್ನೂ ಹೇಳಿಬಿಡಬೇಕು. ನನ್ನ ಮಗಳು ಶಾಲೆಯ ವಾದ್ಯವೃಂದದಲ್ಲಿ ವಿಯೋಲ ನುಡಿಸುತ್ತಾಳೆ. ವಿಯೋಲ ಪಿಟೀಲಿನ ಅಕ್ಕ. ಗಾತ್ರ ದೊಡ್ಡದು, ದನಿ ಕೆಳಗಿನದು, ಯಾರೂ ತಿರುಗಿ ನೋಡುವುದಿಲ್ಲ. ಎರಡು ವರ್ಷದ ಹಿಂದೆ ಅವಳಿಗೆ ಮೊದಲ ಸಲ ಒಂಟಿಯಾಗಿ ನುಡಿಸುವ ಭಾಗ ಸಿಕ್ಕಿತು, ನಾಲ್ಕು ನಿಮಿಷ. ಅದೇ ಸಂಜೆ ನಮ್ಮ ರಾಜ್ಯೋತ್ಸವ. ನಾನು ಸಮಿತಿಯಲ್ಲಿದ್ದೆ, ಮೈಕ್ ನನ್ನ ಪಾಲಿಗೆ ಬಂದಿತ್ತು. "ಮುಂದಿನ ಸಲ ಬರ್ತೀನಿ ಪುಟ್ಟಿ" ಎಂದು ಇಲ್ಲಿಗೆ ಬಂದೆ. ಮೈಕ್ ಕೊನೆಯವರೆಗೂ ಕಿರುಚಿತು, ನಿಮಗೆ ನೆನಪಿರಬಹುದು. ರಾತ್ರಿ ಮನೆಗೆ ಹೋದಾಗ ಅವಳು ಅಡುಗೆಮನೆಯಲ್ಲಿ ಮೊಸರನ್ನ ತಿನ್ನುತ್ತಿದ್ದಳು. ತಲೆಯೆತ್ತದೆ, "ಮೈಕ್ ಸರಿಹೋಯ್ತಾ ಅಪ್ಪ?" ಎಂದಳು, ಅಚ್ಚ ಕನ್ನಡದಲ್ಲಿ. ನನ್ನ ಹೆಂಡತಿ ಮಾತಾಡಲಿಲ್ಲ. ಅವಳು ಮಾತಾಡಿದ್ದರೆ ವಾಸಿಯಿತ್ತು.

ಮಕ್ಕಳು ಕನ್ನಡ ಕಲಿಯಲಿ ಎಂದು ನಾವು ವಾರವಾರ ಅವರನ್ನು ಎಳೆದು ತರುತ್ತೇವೆ. ಅವರು ಕಲಿತದ್ದನ್ನು ಕೇಳಲು ನಾವು ಎಷ್ಟು ಸಲ ಹೋಗಿದ್ದೇವೆ?

ಅದಕ್ಕೆ ನನ್ನ ಸಲಹೆ ಇಷ್ಟು. ಸಂಘದ ಹೆಸರಿನಲ್ಲಿ ಬರುವ ಸಾಲಿನ ಮೂರು ಕಚೇರಿಗಳಿಗೆ ಇಪ್ಪತ್ತು ಸೀಟು ಒಟ್ಟಿಗೆ ಕಾದಿರಿಸೋಣ. ಸಂಗೀತ ಕಲಿಯುತ್ತಿರುವ ಮಕ್ಕಳಿಗೆ ಮೊದಲ ಆದ್ಯತೆ. ರಾಜ್ಯೋತ್ಸವದ ದಿನ ಗೊತ್ತುಮಾಡುವ ಮೊದಲು ಶಾಲೆಗಳ ಕಚೇರಿಯ ದಿನವನ್ನೂ ಒಮ್ಮೆ ವಿಚಾರಿಸಿಕೊಳ್ಳಲಿ ಎಂದು ಮುಂದಿನ ಸಮಿತಿಗೆ ಕೇಳಿಕೊಳ್ಳುತ್ತೇನೆ. ನಮ್ಮ ಕಚೇರಿಯಂತೆ ತನಿ ಆವರ್ತನಕ್ಕೆ ಎದ್ದು ಕಾಫಿಗೆ ಹೋಗುವಂತಿಲ್ಲ, ಮಧ್ಯೆ "ಭೇಷ್" ಎನ್ನುವಂತಿಲ್ಲ. ಇದೊಂದು ನನಗೂ ಕಷ್ಟವೇ. ಒಂದು ಸಿಂಫನಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ; ಮೂರು ಸಲ ನಿಲ್ಲುತ್ತದೆ, ಮುಗಿದಿರುವುದಿಲ್ಲ. ನಿರ್ವಾಹಕರು ಕೈ ಇಳಿಸಿ ನಮ್ಮ ಕಡೆ ತಿರುಗಿದಾಗ ಚಪ್ಪಾಳೆ ತಟ್ಟಿದರೆ ಮರ್ಯಾದೆ ಉಳಿಯುತ್ತದೆ. ಇದನ್ನು ನಿಮಗೆಲ್ಲ ಮೊದಲೇ ಹೇಳಿಬಿಡು ಎಂದು ಮಗಳು ಬೆಳಿಗ್ಗೆ ಕಾರಿನಲ್ಲಿ ಎರಡು ಸಲ ಹೇಳಿದ್ದಾಳೆ.

ಹೆಸರು ಬರೆಯುವ ಹಾಳೆ ಕಾಫಿ ಪಾತ್ರೆಯ ಪಕ್ಕದಲ್ಲಿದೆ. ಪೆನ್ನನ್ನು ಅಲ್ಲೇ ಬಿಡಿ, ಅದು ನನ್ನದು.