ನಮ್ಮ ಮಾತು ನೆರೆಯವರಿಗೂ ತಲುಪಲಿ



ನಮ್ಮ ಸಂಘಟನೆಗಳಿಗೆ ಇಂದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ನಾವು ಯಾರೊಡನೆ ಮಾತನಾಡುತ್ತಿದ್ದೇವೆ? ನಮ್ಮೊಡನೆ ನಾವೇ. ಉರ್ದುವಿನ ಧ್ವನಿಸಂದೇಶ ಮೊಹಲ್ಲಾದ ಗಡಿಯನ್ನು ದಾಟುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಲ್ಲೇ ಅನೇಕರಿಗೆ ಉರ್ದು ಲಿಪಿ ಓದಲು ಬಾರದು. ಇನ್ನು ಪಕ್ಕದ ಬೀದಿಯ ಗೌಡರಿಗೆ, ಶಾಲೆಯ ಮೇಷ್ಟ್ರಿಗೆ, ಸಂತೆಗೆ ಬರುವ ರೈತರಿಗೆ ನಮ್ಮ ಕುರಿತು ತಿಳಿಯುವುದು ಇತರರ ಬಾಯಿಂದಲೇ.

ಇತರರ ಬಾಯಲ್ಲಿ ಸುದ್ದಿಯು ಹೇಗೆ ರೂಪ ಬದಲಿಸುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಘರ್ಷಣೆ ನಡೆದು ಅಂಗಡಿಗಳು ಉರಿದವು. ಎರಡು ದಿನಗಳ ಬಳಿಕ ಅದನ್ನು ಖಂಡಿಸಿ ಬೆಂಗಳೂರಿನಲ್ಲಿ ಪ್ರತಿಭಟನೆ ನಡೆಯಿತು. ಪ್ರತಿಭಟನಾಕಾರರನ್ನು ವಶಕ್ಕೆ ಪಡೆದ ಪೊಲೀಸರು ಅವರು ತಂದಿದ್ದ ಗಣೇಶ ಮೂರ್ತಿಯನ್ನೂ ತಮ್ಮ ವಾಹನದಲ್ಲಿರಿಸಿದರು. ಗಣಪತಿಯನ್ನೇ ಬಂಧಿಸಲಾಯಿತು ಎಂಬ ಮಾತಿನೊಡನೆ ಆ ಚಿತ್ರ ದೇಶವನ್ನೆಲ್ಲ ಸುತ್ತಿತು. ಪೊಲೀಸರೇ ಬಳಿಕ ಮೂರ್ತಿಯನ್ನು ವಿಧಿಪೂರ್ವಕವಾಗಿ ವಿಸರ್ಜಿಸಿದ ಸಂಗತಿಯು ಅಷ್ಟು ದೂರ ಹೋಗಲಿಲ್ಲ. ಚಿತ್ರ ಸುಳ್ಳಾಗಿರಲಿಲ್ಲ, ಅದಕ್ಕೆ ಅಂಟಿಸಿದ ಮಾತು ಸುಳ್ಳಾಗಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಹತ್ಯೆಯಾದ ಗೌರಿ ಲಂಕೇಶ್ ಅವರ ಕೊನೆಯ ಸಂಪಾದಕೀಯದ ವಿಷಯವೂ ಸುಳ್ಳು ಸುದ್ದಿಯೇ ಆಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗೆಂದು ಇತರರತ್ತ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಎಲ್ಲಿಯದೋ ಹಳೆಯ ವಿಡಿಯೋ ನಿನ್ನೆಯ ಘಟನೆಯೆಂಬ ಹೆಸರಿನಲ್ಲಿ ನಮ್ಮ ಗುಂಪುಗಳಿಗೂ ಬರುತ್ತದೆ. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಯಾರಿಗಾದರೂ ಹಾನಿ ಮಾಡಬೇಡಿರೆಂದು ಸೂರಾ ಅಲ್ ಹುಜುರಾತ್ ಆದೇಶಿಸುತ್ತದೆ. ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವ ಮಿತಿಯನ್ನು ತಂದದ್ದು 2018ರಲ್ಲಿ. ಹಲವು ಬಾರಿ ಕೈ ಬದಲಿಸಿದ ಸಂದೇಶಕ್ಕೆ 2020ರಲ್ಲಿ ಆ ಮಿತಿ ಒಂದಕ್ಕಿಳಿಯಿತು. ಓರ್ವ ವಿಶ್ವಾಸಿಗೆ ಕಂಪೆನಿಯೊಂದು ಮಿತಿ ಹಾಕುವವರೆಗೆ ಕಾಯಬೇಕಾದ ಅಗತ್ಯವಿದೆಯೇ?

ಹಾಗಾದರೆ ಮಾಡಬೇಕಾದುದೇನು? ಪ್ರತಿ ತಾಲೂಕಿನ ಸಂಘಟನೆಗೆ ಕನ್ನಡದ ಒಂದು ಬ್ಲಾಗ್ ಇರಲಿ. ಅದಕ್ಕೆ ಹಣ ಬೇಕಿಲ್ಲ. ಗುಂಪಿನ ಸಂದೇಶ ಸಂಜೆಯೊಳಗೆ ಮೇಲಕ್ಕೆ ಸರಿದು ಮರೆಯಾಗುತ್ತದೆ. ಬ್ಲಾಗಿನ ಬರಹ ವರ್ಷದ ಬಳಿಕವೂ ಹುಡುಕಿದವರಿಗೆ ಸಿಗುತ್ತದೆ. ಆದರೆ ಅದನ್ನು ಯೂನಿಕೋಡ್ ಅಕ್ಷರಗಳಲ್ಲಿ ಬರೆಯಬೇಕು. ಪೋಸ್ಟರಿನ ಚಿತ್ರವನ್ನಷ್ಟೇ ಹಾಕಿದರೆ ಅದರೊಳಗಿನ ಮಾತು ಹುಡುಕಾಟದಲ್ಲಿ ಸುಲಭವಾಗಿ ದೊರೆಯದು. ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್‌ಗಳು ಆ ಬರಹದತ್ತ ಜನರನ್ನು ಕರೆತರುವ ದಾರಿಗಳಾಗಲಿ.

ಏನನ್ನು ಬರೆಯಬೇಕು? ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ರಕ್ತದಾನ ಶಿಬಿರದ ಸ್ಥಳ, ಮಸೀದಿಯ ಲೆಕ್ಕಪತ್ರ, ಊರಿನ ಎಲ್ಲರಿಗೂ ಸೇರಿದ ನೀರು ಮತ್ತು ರಸ್ತೆಯ ಸಮಸ್ಯೆ. ಪ್ರತಿ ಬರಹದಲ್ಲೂ ದಿನಾಂಕ, ಸ್ಥಳ, ಹೊಣೆಗಾರರ ಹೆಸರು ಇರಲಿ. ಪ್ರಕಟಿಸುವ ಮುನ್ನ ಇಬ್ಬರು ಓದಲಿ; ಅವರಲ್ಲೊಬ್ಬರು ಮಹಿಳೆಯಾಗಿರಲಿ. ತಪ್ಪಾದರೆ ಅದೇ ಜಾಗದಲ್ಲಿ ತಿದ್ದುಪಡಿ ಹಾಕಿರಿ. ಝಕಾತ್ ಪಡೆದ ಬಡವರ ಭಾವಚಿತ್ರವನ್ನು ಮಾತ್ರ ಎಂದಿಗೂ ಹಾಕಬೇಡಿರಿ. ನಮ್ಮ ಪ್ರಚಾರಕ್ಕಿಂತ ಅವರ ಮಾನ ದೊಡ್ಡದು.

ಗಲಭೆಯ ದಿನ ಪುಟ ತೆರೆದರೆ ಯಾರೂ ನಂಬುವುದಿಲ್ಲ. ಶಾಂತಿಯ ದಿನಗಳಲ್ಲಿ ನಿಜವನ್ನೇ ಬರೆಯುತ್ತ ಬಂದವರ ಮಾತಿಗೆ ಸಂಕಟದ ದಿನ ನೆರೆಯವರು ಕಿವಿಗೊಡುತ್ತಾರೆ. ಆ ವಿಶ್ವಾಸವನ್ನು ಇಂದಿನಿಂದಲೇ ಗಳಿಸತೊಡಗೋಣ.