ಲೈಬ್ನಿಟ್ಸ್ ದಾಟದ ಹೊಸ್ತಿಲು



ಮತಾಂತರದ ಚರಿತ್ರೆಗಳು ಬಹುಮಟ್ಟಿಗೆ ದಾಟಿ ಹೋದವರ ಚರಿತ್ರೆಗಳು. ಹೊಸ್ತಿಲವರೆಗೂ ಬಂದು, ಒಳಗಿನದನ್ನು ಮೆಚ್ಚಿ, ಆದರೂ ದಾಟದೆ ಉಳಿದವರ ಕಾರಣಗಳನ್ನು ವಿಚಾರಿಸುವವರು ವಿರಳ. ತತ್ತ್ವಜ್ಞಾನಿ ಹಾಗೂ ಗಣಿತಜ್ಞ ಗಾಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಟ್ಸ್ ಹಾಗೆ ಉಳಿದ ಲುಥರನ್.

1646ರಲ್ಲಿ ಲೈಪ್‌ಜಿಗ್‌ನಲ್ಲಿ ಹುಟ್ಟಿದ ಆತ ಎರಡು ವರ್ಷದ ಕೂಸಾಗಿದ್ದಾಗ ಮೂವತ್ತು ವರ್ಷಗಳ ಯುದ್ಧ ಮುಗಿಯಿತು. ಕ್ರೈಸ್ತರು ಕ್ರೈಸ್ತರನ್ನೇ ಕೊಂದ ನೆಲದಲ್ಲಿ ಬೆಳೆದವನಿಗೆ, ಒಡೆದ ಚರ್ಚುಗಳನ್ನು ಮತ್ತೆ ಕೂಡಿಸುವುದು ಜೀವಮಾನದ ಹಂಬಲವಾಯಿತು. ತಾರುಣ್ಯದಲ್ಲಿ ಕೈಹಿಡಿದು ನಡೆಸಿದ ಬೊಯ್ನೆಬುರ್ಗ್ ಲುಥರನ್ ಪಂಥವನ್ನು ತೊರೆದು ಕ್ಯಾಥೊಲಿಕನಾದವನು. 1676ರಲ್ಲಿ ಆತನನ್ನು ಹ್ಯಾನೋವರ್‌ಗೆ ಕರೆಸಿಕೊಂಡ ಡ್ಯೂಕ್ ಯೋಹಾನ್ ಫ್ರೀಡ್ರಿಕ್ ಕೂಡ ಹಾಗೆಯೇ. ಲೈಬ್ನಿಟ್ಸ್ 1686ರ ಸುಮಾರಿಗೆ ಬರೆದಿಟ್ಟ ಒಂದು ಧರ್ಮಗ್ರಂಥ ಕ್ಯಾಥೊಲಿಕ್ ಬೋಧನೆಗಳನ್ನು ಎಷ್ಟು ಸಹಾನುಭೂತಿಯಿಂದ ಮಂಡಿಸಿತ್ತೆಂದರೆ, 1819ರಲ್ಲಿ ಅದು ಪ್ಯಾರಿಸ್‌ನಲ್ಲಿ ಅಚ್ಚಾದಾಗ ಆತ ಒಳಗೊಳಗೇ ಕ್ಯಾಥೊಲಿಕನಾಗಿದ್ದನೆಂದು ಕೆಲವರು ವಾದಿಸಿದರು.

ಹಾಗಾದರೆ ದಾಟಲಿಲ್ಲವೇಕೆ?

ಸ್ವತಃ ಮತಾಂತರಗೊಂಡಿದ್ದ ಹೆಸ್ಸೆ-ರೈನ್‌ಫೆಲ್ಸ್‌ನ ಅರಸ ಅರ್ನ್ಸ್ಟ್ ಈ ಪ್ರಶ್ನೆಯನ್ನು ಬಿಡದೆ ಕೇಳುತ್ತಿದ್ದ. 1684ರಲ್ಲಿ ಲೈಬ್ನಿಟ್ಸ್ ಅವನಿಗೆ ಬರೆದ ಉತ್ತರ ಮುಚ್ಚುಮರೆಯಿಲ್ಲದ್ದು. ರೋಮಿನ ಚರ್ಚಿನಲ್ಲೇ ಹುಟ್ಟಿದ್ದರೆ, ಅವರಾಗಿ ಹೊರಹಾಕುವವರೆಗೂ ತಾನದನ್ನು ಬಿಡುತ್ತಿರಲಿಲ್ಲ. ಆದರೆ ಹೊರಗೆ ಹುಟ್ಟಿದವನು ಒಳಗೆ ಬರಬೇಕಾದರೆ ಒಪ್ಪಿಗೆಯ ಮಾತು ಕೊಡಬೇಕು. ತನಗೆ ತರ್ಕದಿಂದ ಸಿದ್ಧವಾಗಿ ಕಂಡ ಕೆಲವು ತಾತ್ತ್ವಿಕ ಅಭಿಪ್ರಾಯಗಳನ್ನು ಅಲ್ಲಿನ ಧರ್ಮಪಂಡಿತರು ಖಂಡಿಸಬಹುದು. ಅವನ್ನು ಬಚ್ಚಿಟ್ಟುಕೊಂಡು ಒಳಹೋಗುವುದು ಮೋಸ. ಒಳಹೋದ ಮೇಲೆ ಹೊರದಬ್ಬಿಸಿಕೊಳ್ಳುವುದು ಅವಮಾನ. ಅದಕ್ಕಿಂತ ಹೊರಗೇ ನಿಲ್ಲುವುದು ಲೇಸು. ಇದು ಲೂಥರನ ಮೇಲಿನ ನಿಷ್ಠೆಯ ಮಾತಲ್ಲ. ನಂಬಿಕೆ ಅಪ್ಪಣೆಯ ಮೇರೆಗೆ ಹುಟ್ಟುವುದಿಲ್ಲ, ಹುಟ್ಟದ ನಂಬಿಕೆಗೆ ಸಹಿ ಹಾಕಲಾಗದು ಎಂಬ ಪ್ರಾಮಾಣಿಕತೆಯ ಮಾತು.

ಐದು ವರ್ಷಗಳಲ್ಲಿ ಈ ಮಾತಿಗೆ ಪರೀಕ್ಷೆಯೊದಗಿತು. 1689ರಲ್ಲಿ ಲೈಬ್ನಿಟ್ಸ್ ರೋಮಿನಲ್ಲಿದ್ದಾಗ ವ್ಯಾಟಿಕನ್ ಗ್ರಂಥಾಲಯದ ಪಾಲಕನ ಹುದ್ದೆ ಎದುರಿಗೆ ಬಂತು. ಪುಸ್ತಕಗಳ ನಡುವೆಯೇ ಬೆಳೆದವನಿಗೆ ಅದಕ್ಕಿಂತ ದೊಡ್ಡ ಆಮಿಷವಿರಲಿಲ್ಲ. ಅದರ ಷರತ್ತು ಮತಾಂತರ. ಆತ ನಿರಾಕರಿಸಿದ. ಅದೇ ತಿಂಗಳುಗಳಲ್ಲಿ ಕೋಪರ್ನಿಕಸ್‌ನ ಸಿದ್ಧಾಂತದ ಮೇಲೆ 1616ರಿಂದ ಇದ್ದ ನಿರ್ಬಂಧವನ್ನು ತೆಗೆಯುವಂತೆ ಅಲ್ಲಿನ ವಿದ್ವಾಂಸರ ಮನವೊಲಿಸಲು ಹೆಣಗುತ್ತಿದ್ದ. ಭೂಮಿ ಚಲಿಸುತ್ತದೆಂದದ್ದಕ್ಕೆ 1633ರಲ್ಲಿ ಗೆಲಿಲಿಯೊ ಮಂಡಿಯೂರಿದ್ದು ಅದೇ ಊರಿನಲ್ಲಿ. ಆತನ ಅಂಜಿಕೆ ಕಲ್ಪಿತವಾಗಿರಲಿಲ್ಲ.

ಮುಂದೆ ಫ್ರಾನ್ಸಿನ ಬಿಷಪ್ ಬೊಸ್ಸ್ಯುಯೆಯೊಡನೆ ನಡೆದ ದೀರ್ಘ ಪತ್ರವ್ಯವಹಾರವೂ ಇದೇ ಬಂಡೆಗೆ ಬಡಿಯಿತು. 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆಯ ತೀರ್ಮಾನಗಳನ್ನು ಬದಿಗಿರಿಸಿ ಮಾತಾಡೋಣವೆಂದು ಲೈಬ್ನಿಟ್ಸ್ ಬಯಸಿದ. ಚರ್ಚು ಒಮ್ಮೆ ನಿರ್ಣಯಿಸಿದ್ದನ್ನು ಮತ್ತೆ ತೆರೆಯಲಾಗದೆಂದು ಬೊಸ್ಸ್ಯುಯೆ ಪಟ್ಟುಹಿಡಿದ. ಒಬ್ಬನಿಗೆ ಕೂಡುವುದೆಂದರೆ ಜೊತೆಯಾಗಿ ಯೋಚಿಸುವುದು. ಇನ್ನೊಬ್ಬನಿಗೆ ಮರಳಿ ಬರುವುದು.

ಈತನನ್ನು ಹುತಾತ್ಮನಾಗಿಸುವ ಅಗತ್ಯವಿಲ್ಲ. 1701ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ತನ್ನ ಸಿಂಹಾಸನವನ್ನು ಹ್ಯಾನೋವರ್‌ನ ಸೋಫಿಯಾ ಮತ್ತು ಅವಳ ಪ್ರೊಟೆಸ್ಟೆಂಟ್ ಸಂತತಿಗೆ ಗೊತ್ತುಮಾಡಿತು. ಆ ಬಳಿಕ ಆ ಆಸ್ಥಾನದ ಸೇವಕ ಲುಥರನ್ ಆಗಿರುವುದು ಲಾಭದ ಸಂಗತಿಯೇ. ಆದರೆ 1684ರ ಪತ್ರವೂ 1689ರ ನಿರಾಕರಣೆಯೂ ಅದಕ್ಕೆ ಮೊದಲಿನವು. ಹೊರಗೇ ಉಳಿದದ್ದರಿಂದ ತನ್ನವರ ಪ್ರೀತಿಯೂ ದಕ್ಕಲಿಲ್ಲ. ಚರ್ಚಿಗೆ ಅಪರೂಪವಾಗಿ ಹೋಗುತ್ತಿದ್ದವನನ್ನು ಹ್ಯಾನೋವರ್‌ನ ಜನ ಹೆಸರನ್ನೇ ತಿರುಚಿ ‘ಏನನ್ನೂ ನಂಬದವ’ ಎಂದು ಹಂಗಿಸುತ್ತಿದ್ದರು. 1716ರಲ್ಲಿ ತೀರಿಕೊಂಡಾಗ ಆಸ್ಥಾನದ ಗಣ್ಯರು ಅಂತ್ಯಕ್ರಿಯೆಗೆ ಬರಲಿಲ್ಲ. ಮಣ್ಣಾದದ್ದು ಲುಥರನ್ ಚರ್ಚೊಂದರಲ್ಲಿ.

ದಾಟದಿರುವ ಕಾರಣ ಇಷ್ಟು ಸೂಕ್ಷ್ಮವಾಗಿದ್ದರೆ, ದಾಟುವವರ ಕಾರಣವೂ ಅಷ್ಟೇ ಸೂಕ್ಷ್ಮ. ಭಾರತದ ಸಂವಿಧಾನದ 25ನೆಯ ವಿಧಿ ಧರ್ಮಾಚರಣೆಯ ಹಕ್ಕಿಗಿಂತ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಸುತ್ತದೆ. ಕರ್ನಾಟಕದ 2022ರ ಕಾಯ್ದೆಯಾದರೋ, ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದು ವಿಧಿಸಿತು. ಲೈಬ್ನಿಟ್ಸ್ ತನ್ನ ಕಾರಣವನ್ನು ಹೇಳಿದ್ದು ಕಚೇರಿಯ ಅರ್ಜಿಯಲ್ಲಲ್ಲ, ಗೆಳೆಯನಿಗೆ ಬರೆದ ಕಾಗದದಲ್ಲಿ. ಅಂಥ ಕಾರಣಗಳು ಹೇಳಿಕೊಳ್ಳಬೇಕಾದ ಜಾಗ ಅದೇ.