ಮೊದಲು ಚಾವಣಿ, ಆಮೇಲೆ ಕೂಲರ್

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)

ಸಂಘದ ಸಭೆ ಅಂದ ಕೂಡಲೇ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ ಇವುಗಳ ಬಗ್ಗೆಯೇ ನಮ್ಮ ಮಾತು ಹೆಚ್ಚು. ಇವತ್ತು ನಿಮ್ಮ ಮನೆಯ ಹಿತ್ತಲಲ್ಲಿರುವ ಸಣ್ಣ ಕೋಣೆಯ ಬಗ್ಗೆ ಮಾತಾಡೋಣ. ಇದೂ ಸಾಲದ ವಿಷಯವೇ, ಜೀವದ ವಿಷಯವೂ ಹೌದು.

ರಾಯಚೂರು, ಕಲಬುರಗಿ, ಯಾದಗಿರಿ, ಬಳ್ಳಾರಿ ಕಡೆಯ ಊರುಗಳಲ್ಲಿ ಮನೆ ಹಿಂದೆ ಒಂದು ಕೋಣೆ ಎಬ್ಬಿಸುವುದನ್ನು ನಾವು ನೋಡುತ್ತಲೇ ಇದ್ದೇವೆ. ಮಗನ ಮದುವೆಯಾಯಿತು, ಒಳಗೆ ಜಾಗ ಸಾಲದು. ಹತ್ತಡಿ ಉದ್ದ, ಹತ್ತಡಿ ಅಗಲ. ಗೋಡೆ ಸಿಮೆಂಟ್ ಇಟ್ಟಿಗೆಯದು, ಮೇಲೆ ತಗಡು ಇಲ್ಲವೆ ಸಿಮೆಂಟ್ ಶೀಟು. ಅಲ್ಲಿ ಯಾರು ಇರುತ್ತಾರೆ? ವಯಸ್ಸಾದ ಅತ್ತೆ-ಮಾವ, ಬಾಣಂತಿ ಮತ್ತು ಕೂಸು, ಹೊಲಿಗೆ ಮಷಿನ್ ಇಟ್ಟುಕೊಂಡ ಸೊಸೆ, ಇಲ್ಲವೆ ಬಾಡಿಗೆಗೆ ಬಂದ ಕೂಲಿ ಕುಟುಂಬ. ಅಂದರೆ ಬಿಸಿಲು ತಡೆದುಕೊಳ್ಳುವ ಶಕ್ತಿ ಯಾರಿಗೆ ಕಡಿಮೆಯೋ, ಅವರೇ ಹೆಚ್ಚಾಗಿ ಅತಿ ಬಿಸಿಯಾದ ಕೋಣೆಯಲ್ಲಿ ಇರುತ್ತಾರೆ. ಬೇಕಂತ ಯಾರೂ ಹಾಗೆ ಮಾಡುವುದಿಲ್ಲ, ಆದರೆ ಆಗುವುದು ಹಾಗೆಯೇ. “ಸಿಸ್ಟರ್, ಒಳಗ ಕುಂತ್ರ ಒಲಿ ಮುಂದ ಕುಂತಂಗ ಆಗ್ತದ್ರಿ” ಎಂದು ಅಜ್ಜಿಯಂದಿರು ಹೇಳುವಾಗ ನಾವು ಅದನ್ನು ಬರೀ ಗೊಣಗಾಟ ಅಂತ ತಿಳಿಯಬಾರದು.

ಮರುಭೂಮಿಯ ಜನರಿಂದ ಏನು ಕಲಿಯಬಹುದು?

ನಮ್ಮದು ಮರುಭೂಮಿಯಲ್ಲ. ಆದರೆ ಕೃಷಿಯವರ ಲೆಕ್ಕದಲ್ಲಿ ನಮ್ಮ ಸೀಮೆಯ ಬಹುಭಾಗ ಒಣ ವಲಯದಲ್ಲಿದೆ. ಬೇಸಿಗೆಯಲ್ಲಿ ನಮ್ಮ ಗಾಳಿಯೂ ಒಣಗಿ, ಬಿಸಿ 40 ಡಿಗ್ರಿ ದಾಟುತ್ತದೆ. ಇದಕ್ಕಿಂತ ಕಠಿಣವಾದ ಹವೆಯಲ್ಲಿ ಬದುಕುವವರು ರಾಜಸ್ಥಾನದ ಥಾರ್ ಮರುಭೂಮಿಯ ಜನ. ಅಲ್ಲಿನ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಯಿತು. ಅದೇ ರಾಜ್ಯದ ಚುರು ಪಟ್ಟಣದಲ್ಲಿ 2019ರ ಜೂನ್ 1ರಂದು 50.8 ಡಿಗ್ರಿ. ಚಳಿಗಾಲದಲ್ಲಿ ಅದೇ ಚುರುವಿನಲ್ಲಿ ಕೆಲವು ರಾತ್ರಿ ಸೊನ್ನೆಗಿಂತಲೂ ಕೆಳಗೆ ಇಳಿಯುತ್ತದೆ. ಒಂದೇ ಮನೆ ಎರಡನ್ನೂ ತಡೆಯಬೇಕು.

ಗುಜರಾತಿನ ಕಛ್ ಭಾಗದಲ್ಲಿ ‘ಭುಂಗಾ’ ಎಂಬ ದುಂಡನೆಯ ಮಣ್ಣಿನ ಮನೆಗಳಿವೆ. ಒಂದು ಕುಟುಂಬದ ಅಂಗಳದಲ್ಲಿ ಇಂಥ ಎರಡು-ಮೂರು ಸಣ್ಣ ಮನೆ ಇರುತ್ತವೆ, ನಮ್ಮ ಹಿತ್ತಲ ಕೋಣೆ ಇದ್ದ ಹಾಗೆ. ದಪ್ಪ ಗೋಡೆ, ಹುಲ್ಲಿನ ಚಾವಣಿ, ಸಣ್ಣ ಕಿಟಕಿ. 2001ರ ಜನವರಿ 26ರ ಭೂಕಂಪದಲ್ಲೂ ಎಷ್ಟೋ ಭುಂಗಾಗಳು ನಿಂತವು. ಒಣ ಸೀಮೆಯಲ್ಲಿ ಹಗಲು ಸುಡುತ್ತದೆ, ರಾತ್ರಿ ತಣ್ಣಗಾಗುತ್ತದೆ. ದಪ್ಪ ಮಣ್ಣಿನ ಗೋಡೆ ದಾಟಿ ಬಿಸಿಲಿನ ಕಾವು ಒಳಗೆ ಬರಲು ಎಷ್ಟೋ ತಾಸು ಬೇಕು. ಅಷ್ಟರಲ್ಲಿ ಸಂಜೆಯಾಗಿ, ಹೊರಗಿನ ಗಾಳಿ ತಂಪಾಗಿರುತ್ತದೆ. ನಮ್ಮ ಅಜ್ಜಿಯರ ಕಾಲದ ಮಣ್ಣಿನ ಮಾಳಿಗೆ ಮನೆಯೂ ಇದೇ ಲೆಕ್ಕದ್ದು. ಮೇಲೆ ದಪ್ಪ ಮಣ್ಣು, ನಡುವೆ ಬೆಳಕಿಂಡಿ.

ತಗಡಿನದು ಇದಕ್ಕೆ ತದ್ವಿರುದ್ಧ. ಬಿಸಿಲು ಬಿದ್ದ ಕೆಲವೇ ನಿಮಿಷದಲ್ಲಿ ಅದು ಕಾದು, ಕೆಳಗೆ ಕೂತವರ ತಲೆಯ ಮೇಲೆ ಕಾವು ಸುರಿಯುತ್ತದೆ. ಹಾಗಾಗಿ ನಾವು ನೆನಪಿಡಬೇಕಾದ ಮಾತು ಒಂದೇ: ಸಣ್ಣ ಕೋಣೆಗೆ ಬಿಸಿ ಹೆಚ್ಚಾಗಿ ಮೇಲಿನಿಂದ ಬರುತ್ತದೆ. ಮೇಲಿನಿಂದ ಬರುವುದನ್ನು ತಡೆಯದೆ ಕೆಳಗೆ ಎಂಥ ಮಷಿನ್ ಇಟ್ಟರೂ, ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ.

ಚಾವಣಿಗೆ ಏನು ಮಾಡಬಹುದು?

ಒಂದನೆಯದು, ಬಿಳುಪು. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ. ಬಿಳಿ ಚಾವಣಿಯಿಂದ ಕೋಣೆಯೊಳಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಕಡಿಮೆಯಾಗುತ್ತದೆ. ಆರ್‌ಸಿಸಿ ಇಲ್ಲವೆ ಶಹಾಬಾದ್ ಕಲ್ಲಿನ ಚಾವಣಿಯಾದರೆ ಕಸ ಗುಡಿಸಿ, ತೊಳೆದು, ಎರಡು ಸಲ ಸುಣ್ಣ ಬಳಿದರೆ ಸಾಕು. ಮಳೆಗೆ ಅದು ಹೋಗುತ್ತದೆ, ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು. ತಗಡಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಪದರು ಪದರಾಗಿ ಉದುರುತ್ತದೆ. ತಗಡಿಗೆಂದೇ ಬಿಸಿಲು ತಡೆಯುವ ಬಿಳಿ ಬಣ್ಣ ಸಿಗುತ್ತದೆ, ಅದನ್ನೇ ಹಚ್ಚಬೇಕು. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಅದನ್ನು ಒಣಗಿದ್ದಾಗ ಉಜ್ಜಬೇಡಿ, ಕೊರೆಯಬೇಡಿ, ಕತ್ತರಿಸಬೇಡಿ. ನೀರು ಹೊಡೆದು ನೆನೆಸಿ, ಮೆಲ್ಲಗೆ ತೊಳೆಯಿರಿ. ಶೀಟಿನ ಮೇಲೆ ಕಾಲಿಡಬೇಡಿ, ಮುರಿದು ಬೀಳುತ್ತೀರಿ. ಏಣಿ ಇಟ್ಟು, ಉದ್ದ ಕೋಲಿಗೆ ಬ್ರಷ್ ಕಟ್ಟಿ ಬಳಿಯಿರಿ.

ಎರಡನೆಯದು, ನೆರಳು. ಚಾವಣಿಯಿಂದ ಒಂದು ಗೇಣು ಮೇಲೆ ತೊಗರಿ ಕಟ್ಟಿಗೆಯ ತಟ್ಟಿಯನ್ನೋ ಹಸಿರು ನೆರಳು ಪರದೆಯನ್ನೋ ಕಟ್ಟಬಹುದು. ನಡುವೆ ಗಾಳಿ ಆಡುವುದು ಮುಖ್ಯ. ಬಿರುಗಾಳಿಗೆ ಹಾರದ ಹಾಗೆ ಬಿಗಿಯಾಗಿ ಕಟ್ಟಿ. ಒಲೆಯ ಕಿಡಿ, ಕರೆಂಟಿನ ತಂತಿ ಹತ್ತಿರ ಇರಕೂಡದು.

ಮೂರನೆಯದು, ಒಳಗಿನ ಪದರ. ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಬಿದಿರಿನ ಚಾಪೆ ಕಟ್ಟಿ. ಗೋಡೆಯ ಮೇಲ್ಭಾಗದಲ್ಲಿ ಎದುರು ಬದುರಾಗಿ ಎರಡು ಗಾಳಿಕಿಂಡಿ ಬಿಡಿ. ಕಾದ ಗಾಳಿ ಮೇಲೇರಿ ಅಲ್ಲಿಂದ ಹೋಗುತ್ತದೆ. ಒಳಗೆ ಅಡುಗೆ ಮಾಡುವ ಕೋಣೆಯಾದರೆ ಬೆಂಕಿ ಹತ್ತುವ ಬಟ್ಟೆ, ಥರ್ಮೊಕೋಲ್ ಬೇಡ.

ನಾಲ್ಕನೆಯದು, ಪಡುವಣ ಗೋಡೆ. ಮಧ್ಯಾಹ್ನದ ನಂತರದ ಬಿಸಿಲು ಅದರ ಮೇಲೆಯೇ ಬೀಳುತ್ತದೆ. ಅಲ್ಲಿ ಹೀರೆ, ಸೋರೆ, ಚಪ್ಪರದವರೆ ಬಳ್ಳಿ ಹಬ್ಬಿಸಿ. ಪಾತ್ರೆ ತೊಳೆದ ನೀರು ಸಾಕು. ಗೋಡೆಗೂ ನೆರಳು, ಪಲ್ಯಕ್ಕೂ ಆಯಿತು.

ಕಿಟಕಿ ಯಾವಾಗ ತೆರೆಯಬೇಕು ಅಂತ ಕೇಳುತ್ತೀರಿ. ಕಿಟಕಿ ಹತ್ತಿರ ಕೈ ಹಿಡಿದು ನೋಡಿ. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಿದ್ದರೆ ಮುಚ್ಚಿ. ಒಳಗೇ ಹೆಚ್ಚು ಕಾದಿದ್ದರೆ ತೆರೆಯಿರಿ. ಸಂಜೆಯಾದ ಮೇಲೆ ಎಲ್ಲವನ್ನೂ ತೆರೆದು ರಾತ್ರಿಯ ತಂಪು ಒಳಗೆ ಬರಲಿ.

ಕೂಲರ್ ತಗೋಬೇಕಾ, ಎಸಿ ತಗೋಬೇಕಾ?

ಮಣ್ಣಿನ ಗಡಿಗೆಯಲ್ಲಿ ನೀರು ಯಾಕೆ ತಣ್ಣಗಿರುತ್ತದೆ? ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಕಾವನ್ನೂ ತೆಗೆದುಕೊಂಡು ಹೋಗುತ್ತದೆ. ಕೂಲರ್ ಕೆಲಸ ಮಾಡುವುದೂ ಹೀಗೆಯೇ, ಒದ್ದೆ ಮಾಡಿದ ಲಾವಂಚದ ತಟ್ಟಿಯ ಕೆಲಸವೂ ಇದೇ. ಗಾಳಿ ಒಣಗಿದ್ದಷ್ಟೂ ಕೂಲರ್ ಚೆನ್ನಾಗಿ ತಂಪು ಕೊಡುತ್ತದೆ. ಅದಕ್ಕೇ ರಾಜಸ್ಥಾನದಲ್ಲಿ ಅದು ಮನೆಮನೆಗೂ ಬಂತು, ನಮ್ಮ ಏಪ್ರಿಲ್-ಮೇ ತಿಂಗಳಿಗೂ ಹೊಂದುತ್ತದೆ. ಮಳೆಗಾಲದ ಹಸಿ ಗಾಳಿಯಲ್ಲಿ ಅದರಿಂದ ಸೆಕೆ ಹೆಚ್ಚಾಗುತ್ತದೆಯೇ ಹೊರತು ತಂಪಾಗದು. ಕೂಲರನ್ನು ಕಿಟಕಿಯ ಹತ್ತಿರ, ಹೊರಗಿನ ಗಾಳಿ ಎಳೆಯುವ ಹಾಗೆ ಇಡಬೇಕು. ಎದುರುಗಡೆ ಗಾಳಿ ಹೋಗಲು ದಾರಿ ಬೇಕು. ಬಾಗಿಲು-ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಒಳಗೆಲ್ಲ ಹಸಿಯಾಗಿ ಉಸಿರುಗಟ್ಟುತ್ತದೆ.

ಲೆಕ್ಕ ಹಾಕೋಣ. ಸಾಮಾನ್ಯ ಕೂಲರ್ 200 ವಾಟ್ ಅಂತ ಹಿಡಿಯಿರಿ. ದಿನಕ್ಕೆ 10 ತಾಸು ಓಡಿದರೆ 2 ಯೂನಿಟ್, ತಿಂಗಳಿಗೆ 60. ಒಂದು ಟನ್ನಿನ ಎಸಿ ತಗಡಿನ ಕೋಣೆಯಲ್ಲಿ ಬಿಡುವಿಲ್ಲದೆ ಓಡಿದರೆ ತಾಸಿಗೆ ಸುಮಾರು 1 ಯೂನಿಟ್. ದಿನಕ್ಕೆ 8 ತಾಸು ಅಂದರೆ ತಿಂಗಳಿಗೆ 240. 2023ರಲ್ಲಿ ಗೃಹಜ್ಯೋತಿ ಶುರುವಾದಾಗಲೇ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು ಎಂಬ ನಿಯಮ ಹೇಳಿದ್ದರು. ಕಂತು ಒಂದು ಕಡೆ, ಬಿಲ್ಲು ಇನ್ನೊಂದು ಕಡೆ. ಚಾವಣಿಗೆ ಹಾಕಿದ ದುಡ್ಡಿಗೆ ಬಿಲ್ಲು ಬರುವುದಿಲ್ಲ, ಕರೆಂಟ್ ಹೋದಾಗಲೂ ಅದು ಕೆಲಸ ಮಾಡುತ್ತದೆ.

ಕೂಲರ್ ಇದ್ದವರು ಎರಡು ಎಚ್ಚರಿಕೆ ಮರೆಯಬೇಡಿ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ಗೋಡೆ ಉಜ್ಜಿ, ಒಣಗಿಸಿ. ಡೆಂಗಿ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಬೆಳೆಯುತ್ತದೆ. ಇನ್ನು ತಗಡಿನ ಕೂಲರಿಗೆ ಅರ್ಥಿಂಗ್ ಇರಲೇಬೇಕು. ನೀರು ತುಂಬುವ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ಚಳಿಗೂ ಇದೇ ಚಾವಣಿ

ತಗಡು ಹಗಲು ಬೇಗ ಕಾಯುವ ಹಾಗೆಯೇ ಚಳಿಗಾಲದ ರಾತ್ರಿ ಬೇಗ ಆರುತ್ತದೆ. ಒಳಗೆ ಕಟ್ಟಿದ ಬಿದಿರಿನ ಚಾಪೆ ಆಗಲೂ ಉಪಯೋಗಕ್ಕೆ ಬರುತ್ತದೆ. ಮೇಲಿನ ಗಾಳಿಕಿಂಡಿಗಳನ್ನು ಪೂರ್ತಿ ಮುಚ್ಚದೆ ಅರ್ಧ ಮುಚ್ಚಿ. ಚಳಿಗಾಲದಲ್ಲಿ ಸೂರ್ಯ ತೆಂಕಣ ದಿಕ್ಕಿಗೆ ವಾಲಿ ಕೆಳಗೆ ಸಾಗುತ್ತಾನೆ. ತೆಂಕಣ ಕಿಟಕಿ ತೆರೆದರೆ ಹಗಲಿನ ಎಳೆಬಿಸಿಲು ಒಳಗೆ ಬಂದು ನೆಲ ಕಾಯುತ್ತದೆ. ಸಂಜೆ ಕಿಟಕಿಗೆ ದಪ್ಪ ಬಟ್ಟೆ ಇಳಿಬಿಡಿ. ಹೊದೆಯಲು ನಮ್ಮ ಕೌದಿಯಂಥದ್ದು ಬೇರೆ ಇಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ಪದ್ಧತಿ ಹಿರಿಯರು ಕಾಳಜಿಯಿಂದಲೇ ಮಾಡಿದ್ದು. ಆದರೆ ಅವರ ಮಾಳಿಗೆ ಮನೆಗೆ ಬೆಳಕಿಂಡಿ ಇತ್ತು, ದೊಡ್ಡ ಪಡಸಾಲೆ ಇತ್ತು. ಹತ್ತಡಿ ಕೋಣೆಯ ಬಾಗಿಲು ಹಾಕಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಇಲ್ಲ, ಹಾಗಾಗಿ ಅಪಾಯ ಇಲ್ಲ ಅಂದುಕೊಳ್ಳುತ್ತೇವೆ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಚಳಿಗೆ ತಾಯಿಯ ಎದೆಗೆ ಕೂಸನ್ನು ಅವಚಿ, ಇಬ್ಬರಿಗೂ ಕೌದಿ ಹೊದಿಸಿ, ಕೂಸಿನ ಮುಖ ಮಾತ್ರ ತೆರೆದಿರಲಿ. ಬೇಸಿಗೆಯ ಬಾಣಂತನಕ್ಕಂತೂ ಕೆಂಡ ಬೇಡವೇ ಬೇಡ. ಬಾಣಂತಿಯ ಕೋಣೆಗೆ ಗಾಳಿ ಬೇಕು, ಅವಳಿಗೆ ಕುಡಿಯಲು ಬೇಕಾದಷ್ಟು ನೀರು ಬೇಕು. ಅತ್ತೆಯಂದಿರೇ, ಈ ಮಾತು ನಿಮಗೆ.

ಬಿಸಿಲು ತಲೆಗೇರಿದಾಗ

ಗಾಳಿ 40 ಡಿಗ್ರಿ ದಾಟಿದಾಗ ಬರೀ ಫ್ಯಾನ್ ಬಿಸಿಗಾಳಿಯನ್ನೇ ಬೀಸುತ್ತದೆ. ಆಗ ಮೈಗೆ ಒದ್ದೆ ಬಟ್ಟೆ ಹಾಕಬೇಕು, ನಡುಹಗಲು ಅಜ್ಜ-ಅಜ್ಜಿಯರನ್ನು ಬೇವಿನ ಮರದ ನೆರಳಿಗೋ ದೊಡ್ಡ ಮನೆಯ ಒಳಕೋಣೆಗೋ ಕರೆತರಬೇಕು. ಯಾರಾದರೂ ತಡವರಿಸಿ ಮಾತಾಡಿದರೆ, ಮೈ ಸುಡುತ್ತಿದ್ದು ಎಚ್ಚರ ತಪ್ಪಿದರೆ ಅದು ಬಿಸಿಲಿನ ಹೊಡೆತ. ಕೂಡಲೇ 108ಕ್ಕೆ ಫೋನ್ ಮಾಡಿ. ನೆರಳಿಗೆ ತಂದು ಮೈತುಂಬ ನೀರು ಹಾಕಿ, ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಸಂಘ ಏನು ಮಾಡಬಹುದು?

2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಬಿಸಿ 46.8 ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾದವು ಎಂದು ಆಮೇಲೆ ಲೆಕ್ಕ ಹಾಕಿದರು. 2013ರಲ್ಲಿ ಆ ನಗರ ಬಿಸಿಲಿನಿಂದ ಜನರನ್ನು ಕಾಪಾಡುವ ಯೋಜನೆ ಮಾಡಿತು. 2017ರಲ್ಲಿ ಬಡವರ ಮನೆಯ ಚಾವಣಿಗೆ ಬಿಳಿ ಬಳಿಯುವ ಕೆಲಸವೂ ಅದಕ್ಕೆ ಸೇರಿತು. ಅಲ್ಲಿ ‘ಸೇವಾ’ ಮಹಿಳೆಯರು 1994ರಲ್ಲಿ ಕಟ್ಟಿದ ಮಹಿಳಾ ಹೌಸಿಂಗ್ ಟ್ರಸ್ಟ್ ಇದೆ. ನಮ್ಮ ನಿಮ್ಮಂಥ ಹೆಣ್ಣುಮಕ್ಕಳೇ ಅದರ ಜೊತೆಗೂಡಿ ಓಣಿ ಓಣಿಯಲ್ಲಿ ಚಾವಣಿ ತಂಪು ಮಾಡುವ ಕೆಲಸಕ್ಕೆ ಇಳಿದರು. ರಾಯಚೂರಿನ ಪಕ್ಕದ ತೆಲಂಗಾಣ ರಾಜ್ಯ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿತು.

ನಾವು ಸರ್ಕಾರಕ್ಕಾಗಿ ಕಾಯಬೇಕಿಲ್ಲ. ಮುಂದಿನ ವಾರದ ಸಭೆಯಲ್ಲಿ ಮೂರು ಕೆಲಸ ಮಾಡಿ. ಮೊದಲು, ಪ್ರತಿ ಸದಸ್ಯೆಯ ಹಿತ್ತಲ ಕೋಣೆಯಲ್ಲಿ ಯಾರು ಇದ್ದಾರೆ ಅಂತ ಪುಸ್ತಕದಲ್ಲಿ ಬರೆಯಿರಿ. ವೃದ್ಧರು, ಬಾಣಂತಿ, ಬಸುರಿ, ಕಾಯಿಲೆಯವರು ಇರುವ ಮನೆಗೆ ಮೊದಲ ಸರದಿ. ಎರಡು, ಕೂಲರ್ ಇಲ್ಲವೆ ಎಸಿಗೆ ಸಾಲ ಕೇಳಿದವರಿಗೆ, “ಚಾವಣಿ ಆಯ್ತಾ ಅಕ್ಕಾ?” ಅಂತ ಕೇಳುವ ರೂಢಿ ಮಾಡಿ. ಸಾಲ ಬೇಡ ಅನ್ನುವುದಕ್ಕಲ್ಲ, ಸಣ್ಣ ಸಾಲದಲ್ಲಿ ಆಗುವ ಕೆಲಸ ಮೊದಲಾಗಲಿ ಅಂತ. ಮೂರು, ಸುಣ್ಣ, ಬಣ್ಣ, ತಟ್ಟಿ ಎಲ್ಲವನ್ನೂ ಸಂಘದಿಂದ ಒಟ್ಟಿಗೆ ತನ್ನಿ. ಕೂಲಿ ಕೊಡುವ ಬದಲು ಹೊಲದಲ್ಲಿ ಮಾಡುವ ಹಾಗೆ ಮುಯ್ಯಾಳು ಕೆಲಸ ಮಾಡಿ, ಇವತ್ತು ನಿಮ್ಮ ಮನೆ, ನಾಳೆ ಅವರ ಮನೆ. ಬಾಡಿಗೆಗೆ ಕೊಟ್ಟ ಕೋಣೆಯನ್ನೂ ಪಟ್ಟಿಯಿಂದ ಬಿಡಬೇಡಿ. ಅಲ್ಲಿ ಮಲಗುವ ಕೂಲಿ ಹೆಣ್ಣುಮಗಳೂ ನಮ್ಮ ತಂಗಿಯೇ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ತದೆ ಅಂತಾರೆ. ಶಿವರಾತ್ರಿ ಮುಗಿದು ಯುಗಾದಿ ಬರುವುದರೊಳಗೆ ಈ ಕೆಲಸ ಮುಗಿಯಬೇಕು. ಈ ಯುಗಾದಿಗೆ ಬಾಗಿಲಿಗೆ ತೋರಣ ಕಟ್ಟುವ ಮುಂಚೆ ಹಿತ್ತಲ ಕೋಣೆಯ ಮೇಲೊಮ್ಮೆ ಕಣ್ಣು ಹಾಯಿಸಿ. ಅಲ್ಲಿ ಬಿಳುಪು ಕಂಡರೆ ನಮ್ಮ ಇವತ್ತಿನ ಮಾತು ಸಾರ್ಥಕ.